ಕಲಬುರಗಿ ನೀರಿನಲ್ಲಿ ಮೂರಡಿ ಅಕ್ವೇರಿಯಂ: ನನ್ನ ಅನುಭವ

ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂದು ಮನೆಯಲ್ಲಿ ದಿನವೂ ಕೇಳುವ ನಮಗೆ ಗಡಸು ನೀರಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಅಕ್ವೇರಿಯಂ ಇಡುವಾಗ ಅದನ್ನೇ ಮರೆಯುತ್ತೇವೆ. ಮೊದಲು ಮೀನು ಆರಿಸಿ, ಆಮೇಲೆ ನೀರನ್ನು ಅದಕ್ಕೆ ಹೊಂದಿಸಲು ಒದ್ದಾಡುತ್ತೇವೆ. ನಾನು ಮೊದಲು ನೀರು ಅಳೆದೆ, ಬೇಸಿಗೆಯ ಬಿಸಿಲನ್ನು ಲೆಕ್ಕಕ್ಕೆ ಹಿಡಿದೆ, ಮೀನಿನ ಹೆಸರು ಬರೆದದ್ದು ಕೊನೆಗೆ.

ಟ್ಯಾಂಕ್ 36 ಇಂಚು ಉದ್ದ, 12 ಅಗಲ, 15 ಎತ್ತರ, 8 ಮಿ.ಮೀ. ಗಾಜು. ಮೇಲೆ ಎರಡು ಇಂಚು ಬಿಟ್ಟು, ಮರಳಿನ ಜಾಗ ಕಳೆದರೆ ಒಳಗೆ ನಿಲ್ಲುವ ನೀರು ಸುಮಾರು 80 ಲೀಟರ್. ಇದಕ್ಕಿಂತ ಚಿಕ್ಕದು ಬೇಡ, ನೀರು ಕಡಿಮೆಯಾದಷ್ಟೂ ಅದು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ನೀರು, ಮರಳು, ಗಾಜು ಸೇರಿ ತೂಕ 120 ಕಿಲೋ ದಾಟುವುದರಿಂದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಅದರ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಅರ್ಧ ಇಂಚಿನ ಥರ್ಮಾಕೋಲ್ ಹಾಸಿದೆ. ಥರ್ಮಾಕೋಲ್ ಇಲ್ಲದಿದ್ದರೆ ಒಂದು ಸಣ್ಣ ಹರಳು ಅಡಿಯಲ್ಲಿ ಸಿಕ್ಕರೂ ಗಾಜು ಬಿರುಕು ಬಿಡಬಹುದು. ಪಶ್ಚಿಮದ ಗೋಡೆ ಬಿಟ್ಟು ಇಡಬೇಕು, ಆ ಗೋಡೆ ರಾತ್ರಿ ಹತ್ತಾದರೂ ಕಾವು ಬಿಡುವುದಿಲ್ಲ. ಖಾಲಿ ಟ್ಯಾಂಕಿಗೆ ನೀರು ತುಂಬಿ ಎರಡು ದಿನ ಹಾಗೇ ಬಿಟ್ಟು, ಮೂಲೆಗಳನ್ನು ಒಣ ಕಾಗದದಿಂದ ಒತ್ತಿ ನೋಡಿದ ಮೇಲೆಯೇ ಮುಂದಿನ ಕೆಲಸ.

ಕಲ್ಲಿನ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷವಾಗಿ ಎಚ್ಚರವಿರಬೇಕು. ಮನೆ ಕಟ್ಟಿ ಉಳಿದ ಶಹಾಬಾದ್ ಪರ್ಸಿ ಚೂರುಗಳನ್ನು ಗುಹೆಯಂತೆ ಜೋಡಿಸಿದರೆ ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದು ಸುಣ್ಣದ ಕಲ್ಲು. ಪರ್ಸಿಯ ಹೊಸದಾಗಿ ಒಡೆದ ಅಂಚನ್ನು ಒಣಗಿಸಿ ನಾಲ್ಕು ಹನಿ ವಿನೆಗರ್ ಬಿಡಿ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರ್ ಎನ್ನುವುದು ಕೇಳುತ್ತದೆ, ಹನಿಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆ ಏಳುತ್ತವೆ. ಅದೇ ಕೆಲಸ ಟ್ಯಾಂಕಿನೊಳಗೆ ನಿಧಾನವಾಗಿ ನಡೆದು ಮೊದಲೇ ಗಡಸಾದ ನೀರು ಇನ್ನಷ್ಟು ಗಡಸಾಗುತ್ತದೆ. ಮಾರ್ಬಲ್ ಚೂರು, ಕವಡೆ, ಚಿಪ್ಪು ಎಲ್ಲಕ್ಕೂ ಇದೇ ಮಾತು. ಯಾದಗಿರಿ, ಸುರಪುರ ಕಡೆಯ ಗ್ರಾನೈಟ್ ಗುಂಡು ಧಾರಾಳವಾಗಿ ಹಾಕಬಹುದು. ನಮ್ಮ ಹೊಲಗಳ ಕರಿಕಲ್ಲೂ ಆಗುತ್ತದೆ, ಆದರೆ ಅದರ ತೂತುಗಳಲ್ಲಿ ಬಿಳಿ ಹರಳು ಕೂತಿದ್ದರೆ ಅಲ್ಲಿಗೂ ಒಂದು ಹನಿ ವಿನೆಗರ್ ಬಿಟ್ಟು ನೋಡಿ.

ತಳಕ್ಕೆ 1–2 ಮಿ.ಮೀ. ನದಿ ಮರಳು, 4 ಸೆಂ.ಮೀ. ದಪ್ಪಕ್ಕೆ 18 ಕಿಲೋ. ಇದಕ್ಕೂ ವಿನೆಗರ್ ಪರೀಕ್ಷೆ ಮಾಡಿ, ಬಕೆಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಹತ್ತು ಹನ್ನೆರಡು ಸಲವಾದರೂ ಬೇಕು.

ನಮ್ಮ ಬೋರಿನ ನೀರು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಮೀಟರಿನಲ್ಲಿ 850, ಕ್ಯಾನಿನಲ್ಲಿ ತರುವ ಆರ್‌ಒ ನೀರು 40. ಎರಡು ಪಾಲು ಬೋರ್, ಮೂರು ಪಾಲು ಆರ್‌ಒ ಕೂಡಿಸಿದರೆ 360ರ ಆಸುಪಾಸು ಬರುತ್ತದೆ. ಬರೀ ಆರ್‌ಒ ನೀರು ಶುದ್ಧ, ಅದೇ ಒಳ್ಳೆಯದು ಎಂದು ತುಂಬುವವರಿದ್ದಾರೆ. ಅದು ತಪ್ಪು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕಳೆಯುವ ಬ್ಯಾಕ್ಟೀರಿಯಾ ತನ್ನ ಕೆಲಸಕ್ಕೆ ನೀರಿನ ಕ್ಷಾರವನ್ನು ತಿನ್ನುತ್ತದೆ. ಆರ್‌ಒ ನೀರಿನಲ್ಲಿ ಆ ಕ್ಷಾರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ದಿಢೀರನೆ ಬಿದ್ದು ಕೆಲಸವೇ ನಿಲ್ಲುತ್ತದೆ. ನಳದ ನೀರು ಬಳಸುವವರು ಮೊದಲು ಕ್ಲೋರಿನ್ ತೆಗೆಯಬೇಕು. ಆಂಟಿಕ್ಲೋರಿನ್ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು 100 ಲೀಟರಿಗೆ ಒಂದು ಗ್ರಾಂ ಸಾಕು.

ಫಿಲ್ಟರ್ ಎರಡಿವೆ. ಗಂಟೆಗೆ 400–500 ಲೀಟರ್ ನೀರು ತಿರುಗಿಸುವ, ಟ್ಯಾಂಕಿನ ಅಂಚಿಗೆ ತೂಗುಹಾಕುವ ಹ್ಯಾಂಗ್-ಆನ್ ಒಂದು, ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಒಂದು. ಎರಡನೆಯದು ಕರೆಂಟಿಗಾಗಿ: ಏರ್ ಪಂಪ್ ಎಳೆಯುವುದು ನಾಲ್ಕೈದು ವ್ಯಾಟ್, ಇನ್ವರ್ಟರಿಗೆ ಅದು ಭಾರವೇ ಅಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ಇಳಿಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಮೀನಿಲ್ಲದೆ ಟ್ಯಾಂಕ್ ನಡೆಸುವ ಐದು ವಾರ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ, ಇಂದು ತುಂಬಿಸಿ ನಾಳೆ ಮೀನು ಬಿಟ್ಟವರ ಮೀನು ವಾರದೊಳಗೆ ಸಾಯುವುದು ಅದಕ್ಕೇ. ಪಿಎಚ್ ಹೆಚ್ಚಿರುವ ನಮ್ಮ ಗಡಸು ನೀರಿನಲ್ಲಿ ಅಪಾಯ ಇನ್ನೂ ಹೆಚ್ಚು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 0.6ರಷ್ಟು, ಪಿಎಚ್ 8 ಆದರೆ ಶೇ. 5 ದಾಟುತ್ತದೆ. ಮೆದು ನೀರಿನ ಊರಿನವರಿಗೆ ದಕ್ಕಿದ ಅವಸರ ಇಲ್ಲಿ ದಕ್ಕುವುದಿಲ್ಲ.

ನಾನು ಬಳಸಿದ್ದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿಯವರು ಬಳಸುವುದೂ ಅದೇ, ಆದರೆ ಅದರಲ್ಲಿ ಬೇರೆ ಲೋಹ ಬೆರೆತಿರಬಹುದು. ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಶುದ್ಧವಾದದ್ದು ಕೇಳಿ. 80 ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿ.ಗ್ರಾಂ ಆಗುತ್ತದೆ. ದಿನ ಬಿಟ್ಟು ದಿನ ಹನಿ ಹಾಕುವ ಕಿಟ್‌ನಿಂದ ನೋಡಬೇಕು, ಸ್ಟ್ರಿಪ್ ನಂಬಬೇಡಿ. ಎರಡನೇ ವಾರದ ಹೊತ್ತಿಗೆ ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ನೈಟ್ರೈಟ್ ಬಹಳ ದಿನ ಕದಲದೆ ನಿಲ್ಲುತ್ತದೆ, ಅಲ್ಲೇ ಹೆಚ್ಚಿನವರು ತಾಳ್ಮೆ ಕಳೆದುಕೊಳ್ಳುವುದು. ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಕಾಲು ಗ್ರಾಂ ಹಾಕುತ್ತಿರಿ. ಕೊನೆಗೆ ಅರ್ಧ ಗ್ರಾಂ ಹಾಕಿದ 24 ಗಂಟೆಯಲ್ಲಿ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ಸಿದ್ಧ. ಮುಕ್ಕಾಲು ನೀರು ಬದಲಿಸಿ ಮೀನು ತರಬಹುದು. ಗೆಳೆಯರ ಬಳಿ ರೋಗವಿಲ್ಲದ ಹಳೆಯ ಟ್ಯಾಂಕ್ ಇದ್ದರೆ ಅದರ ಸ್ಪಂಜನ್ನು ನಿಮ್ಮ ಫಿಲ್ಟರಿನಲ್ಲಿ ಹಿಂಡಿ, ಐದು ವಾರದ ಕೆಲಸ ಎರಡು ವಾರಕ್ಕೂ ಮುಗಿಯಬಹುದು.

ಮೀನು ಇಷ್ಟು: ಗಂಡು ಗಪ್ಪಿ ಎಂಟು, ಪರ್ಲ್ ಗೌರಾಮಿ ಮೂರು (ಒಂದು ಗಂಡು, ಎರಡು ಹೆಣ್ಣು), ತಳದಲ್ಲಿ ಓಡಾಡುವ ಸಣ್ಣ ಮೀನು ಸ್ಟರ್ಬೈ ಕೋರಿಡೋರಸ್ ಆರು. ಗಪ್ಪಿಗೆ ಗಡಸು ನೀರೇ ಹಿತ. ಹೆಣ್ಣು ಸೇರಿಸಿದರೆ ತಿಂಗಳಿಗೊಮ್ಮೆ ಮರಿ, ಆಮೇಲೆ ಜಾಗವಿರುವುದಿಲ್ಲ. ಗೌರಾಮಿ ಮೇಲೆ ಬಂದು ಗಾಳಿಯನ್ನೇ ಕುಡಿಯಬಲ್ಲದು, ಬೇಸಿಗೆಯಲ್ಲಿ ಇದು ದೊಡ್ಡ ಆಸರೆ. ಕೋರಿಡೋರಸ್‌ಗಳಲ್ಲಿ ಬಿಸಿ ತಡೆಯುವ ಜಾತಿ ಸ್ಟರ್ಬೈ. ನಿಯಾನ್ ಟೆಟ್ರಾ ನಾನು ತರುವುದಿಲ್ಲ, ನಮ್ಮ ನೀರೂ ಮೇ ತಿಂಗಳೂ ಅದಕ್ಕಲ್ಲ. ಗೋಲ್ಡ್‌ಫಿಶ್‌ಗೆ ಬೇಕಾದದ್ದು ತಂಪು ನೀರು. ಟೈಗರ್ ಬಾರ್ಬ್ ಗಪ್ಪಿಯ ಬಾಲ ಕಚ್ಚುತ್ತದೆ. ಅಂಗಡಿಯಲ್ಲಿ ಎರಡಿಂಚು ಕಾಣುವ ಸಾಮಾನ್ಯ ಪ್ಲೆಕೋ ಒಂದಡಿ ದಾಟಿ ಬೆಳೆಯುತ್ತದೆ.

ಮೊದಲ ವಾರ ಗಪ್ಪಿ, ಮೂರನೇ ವಾರ ಕೋರಿಡೋರಸ್, ಕೊನೆಗೆ ಗೌರಾಮಿ. ಸಂಜೆ ಲೈಟ್ ಆರಿಸಿ ಚೀಲವನ್ನು 20 ನಿಮಿಷ ತೇಲಿಸಿ, ನಂತರ ಮೀನನ್ನು ಬಕೆಟಿಗೆ ಇಳಿಸಿ. ಏರ್ ಪೈಪಿಗೆ ಸಡಿಲ ಗಂಟು ಹಾಕಿ ಟ್ಯಾಂಕಿನ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಿಡಿ. ಬಕೆಟಿನ ನೀರು ಎರಡು ಪಟ್ಟಾದ ಮೇಲೆ ಮೀನನ್ನು ಬಲೆಯಿಂದ ಎತ್ತಿ ಬಿಡಬೇಕು. ಚೀಲದ ನೀರು ಟ್ಯಾಂಕಿಗೆ ಹೋಗಬಾರದು.

ಗಿಡಕ್ಕೆ ವ್ಯಾಲಿಸ್ನೇರಿಯಾ, ಗಡಸು ನೀರಿನಲ್ಲಿ ಹುಲ್ಲಿನಂತೆ ಹಬ್ಬುತ್ತದೆ. ಲೈಟ್ ಆರೇಳು ಗಂಟೆ ಸಾಕು.

ಮಾರ್ಚ್ ಹೊತ್ತಿಗೆ ಬರುವ ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಥರ್ಮಾಮೀಟರ್ ದಿನವೂ ನೋಡಬೇಕು. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿ.ಗ್ರಾಂ ಹಿಡಿಯುವ ನೀರು 32ರಲ್ಲಿ 7.3 ಮಾತ್ರ ಹಿಡಿಯುತ್ತದೆ, ಮೀನಿಗೆ ಬೇಕಾಗುವುದು ಹೆಚ್ಚಾಗುತ್ತದೆ. ಗಾಜಿನ ಮುಚ್ಚಳ ತೆಗೆದು ಬಲೆ ಕಟ್ಟಿ, ನೀರಿನ ಮೇಲ್ಮೈಗೆ ತಾಗುವಂತೆ ಸಣ್ಣ ಫ್ಯಾನ್ ಇಡುತ್ತೇನೆ. ನಮ್ಮ ಒಣ ಹವೆಯಲ್ಲಿ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ, ಮಡಕೆಯ ನೀರು ತಂಪಾಗುವ ಹಾಗೆಯೇ. ದಿನಕ್ಕೆ ಎರಡು ಲೀಟರ್ ಆವಿಯಾಗುತ್ತದೆ. ಆ ಕೊರತೆಯನ್ನು ಆರ್‌ಒ ನೀರಿನಿಂದಲೇ ತುಂಬಬೇಕು. ಆವಿಯಾಗುವುದು ನೀರು, ಲವಣ ಒಳಗೇ ಉಳಿಯುತ್ತದೆ, ಬೋರ್ ನೀರು ಸುರಿಯುತ್ತಾ ಹೋದರೆ ತಿಂಗಳಲ್ಲಿ ಟಿಡಿಎಸ್ ಎಲ್ಲಿಗೋ ಹೋಗಿರುತ್ತದೆ. ವಾರಕ್ಕೊಮ್ಮೆ ಬದಲಿಸುವ 20 ಲೀಟರಿಗೆ ಮಾತ್ರ ಬೆರಕೆ ನೀರು. ಹಾಗೆ ತೆಗೆದ ಹಳೆಯ ನೀರಿನಲ್ಲೇ ಸ್ಪಂಜ್ ಅದ್ದಿ ಹಿಂಡಬೇಕು. ನಳದ ಕೆಳಗೆ ತೊಳೆದರೆ ಐದು ವಾರ ಸಾಕಿದ ಬ್ಯಾಕ್ಟೀರಿಯಾ ಕ್ಲೋರಿನ್ನಿಗೆ ಸತ್ತು, ಟ್ಯಾಂಕ್ ಮತ್ತೆ ಮೊದಲ ದಿನಕ್ಕೆ ಬಂದು ನಿಲ್ಲುತ್ತದೆ.