ತೂಕದ ಚುಚ್ಚುಮದ್ದು: ಮೊದಲ ತಿಂಗಳು ಹೊಟ್ಟೆಗೆ ಬಿಡಿ

ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಂಡ ಮೂರನೆಯ ದಿನವೇ ತೂಕದ ಯಂತ್ರ ಹತ್ತಬೇಡಿ. ಈ ಚುಚ್ಚುಮದ್ದಿನ ಔಷಧಿಗಳಾದ ಸೆಮಾಗ್ಲುಟೈಡ್ ವಾರಕ್ಕೊಮ್ಮೆ 0.25 ಮಿಲಿಗ್ರಾಂ, ಟಿರ್ಜೆಪಟೈಡ್ 2.5 ಮಿಲಿಗ್ರಾಂ ಎಂದು ಆರಂಭವಾಗುವುದು ಹೊಟ್ಟೆ ಒಗ್ಗಿಕೊಳ್ಳಲಿ ಎಂದು. ಕನಿಷ್ಠ ನಾಲ್ಕು ವಾರ ಅದೇ ಡೋಸ್. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗವೊಂದರಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಲು 68 ವಾರ ಹಿಡಿದಿತ್ತು.

ಮೊದಲು ವೈದ್ಯರ ಮುಂದೆ ಎಲ್ಲವನ್ನೂ ಹೇಳಿ. ಮನೆಯಲ್ಲಿ ಯಾರಿಗಾದರೂ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿತ್ತೇ? ನಿಮಗೆ ಮೇದೋಜೀರಕ ಗ್ರಂಥಿಯ ಉರಿಯೂತ, ಪಿತ್ತಕೋಶದ ಕಲ್ಲು ಇತ್ತೇ? ಗರ್ಭಿಣಿಯಾಗುವ ಯೋಚನೆ ಇದೆಯೇ? ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಥಟ್ಟನೆ ಕುಸಿಯಬಹುದು. ಆ ಔಷಧಿಗಳ ಪ್ರಮಾಣವನ್ನು ವೈದ್ಯರೇ ತಗ್ಗಿಸಬೇಕಾದೀತು.

ಔಷಧಿ ತುಂಬಿದ ಹೊಸ ಚುಚ್ಚುಮದ್ದಿನ ಪೆನ್ನನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಒಮ್ಮೆ ಹೆಪ್ಪುಗಟ್ಟಿದ ಔಷಧಿ ಕರಗಿದರೂ ಬಳಸಬಾರದು. ವಾರದ ಒಂದು ದಿನ ಗೊತ್ತು ಮಾಡಿಕೊಂಡು ಹೊಟ್ಟೆಗೋ ತೊಡೆಗೋ, ಪ್ರತಿ ಸಲ ಜಾಗ ಬದಲಿಸಿ ಚುಚ್ಚಿಕೊಳ್ಳಿ.

ನಿಜವಾದ ಪರೀಕ್ಷೆ ಊಟದ ತಟ್ಟೆಯ ಮುಂದೆ. ಔಷಧಿಯಿಂದ ಹಸಿವು ತಗ್ಗುತ್ತದೆ, ಜಠರದಿಂದ ಆಹಾರ ನಿಧಾನವಾಗಿ ಮುಂದೆ ಸಾಗುತ್ತದೆ. ಎಂದಿನಂತೆ ಇಡೀ ಮುದ್ದೆ ನುಂಗಿದರೆ ಅರ್ಧ ಗಂಟೆಯಲ್ಲಿ ಹೊಟ್ಟೆ ಕಲ್ಲಿನಂತಾಗಿ ವಾಕರಿಕೆ ಬರಬಹುದು. ತಟ್ಟೆಗೆ ಹಾಕಿಸಿಕೊಂಡದ್ದನ್ನು ಬಿಡಬಾರದು ಎಂದು ಬೆಳೆದವರು ನಾವು. ಆದ್ದರಿಂದ ಹಾಕಿಸಿಕೊಳ್ಳುವಾಗಲೇ ಅರ್ಧ ಮುದ್ದೆ ಸಾಕೆನ್ನಿ. ‘ಇನ್ನೊಂದು ಸೌಟು’ ಎನ್ನುವ ಅಮ್ಮನಿಗೆ ಮುಂಚಿತವಾಗಿ ತಿಳಿಸಿಡಿ, ಇಲ್ಲದಿದ್ದರೆ ಪಾಪ, ಅಡುಗೆ ಹಿಡಿಸಲಿಲ್ಲವೆಂದು ನೊಂದುಕೊಳ್ಳುತ್ತಾರೆ. ಅನ್ನಕ್ಕಿಂತ ಮೊದಲು ಮೊಳಕೆಕಾಳಿನ ಪಲ್ಯ, ಮೊಟ್ಟೆ, ಮೊಸರು ತಿನ್ನಿ. ತೂಕದ ಜೊತೆ ಸ್ನಾಯುವೂ ಕರಗುವುದರಿಂದ ಪ್ರೋಟೀನ್ ಬಿಡುವಂತಿಲ್ಲ. ಬಜ್ಜಿ, ಬೋಂಡಾ ಸದ್ಯಕ್ಕೆ ಬೇಡ. ಮಲಬದ್ಧತೆ ಕಾಡಬಹುದು, ನೀರು ಮರೆಯಬೇಡಿ.

ವಾಕರಿಕೆ ಸಾಮಾನ್ಯವಾಗಿ ಡೋಸ್ ಏರಿದಾಗ ಹೆಚ್ಚಿ, ಕೆಲವು ದಿನಗಳಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಮುಂದಿನ ಮೆಟ್ಟಿಲು ಹತ್ತುವ ಅವಸರ ಬೇಡ, ವೈದ್ಯರನ್ನು ಕೇಳಿ. ಆದರೆ ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಔಷಧಿ ನಿಲ್ಲಿಸಿದರೆ ಬಹಳಷ್ಟು ಮಂದಿಗೆ ತೂಕ ಮರಳುತ್ತದೆ. ಎಷ್ಟು ಕಾಲ, ತಿಂಗಳಿಗೆ ಎಷ್ಟು ಖರ್ಚು ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿಬಿಡಿ.