ಮೆಕ್ಯಾನಿಕಲ್‌ನಿಂದ ಬಯೋಎಂಜಿನಿಯರಿಂಗ್ ಪಿಎಚ್‌ಡಿಗೆ: ನಾನು ಅರ್ಜಿ ಹಾಕಿದ ಬಗೆ

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅಮೆರಿಕದಲ್ಲಿ ಬಯೋಎಂಜಿನಿಯರಿಂಗ್ ಪಿಎಚ್‌ಡಿ ಮಾಡಬೇಕು ಅಂತ ಹೊರಟಾಗ ಸಿಕ್ಕ ಸಲಹೆಯೆಲ್ಲ ಒಂದೇ ಥರ: ರ‍್ಯಾಂಕಿಂಗ್ ಪಟ್ಟಿ ತೆಗಿ, ಮೇಲಿನ ಕೆಲವು, ನಡುವಿನ ಕೆಲವು, 'ಸೇಫ್' ಕೆಲವು ಗುರುತು ಹಾಕಿಕೋ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪಟ್ಟಿ ಅದು. ಬಯೋಎಂಜಿನಿಯರಿಂಗ್ ಎಂಬ ಬೋರ್ಡಿನ ಹಿಂದೆ ಒಂದೊಂದು ಕಡೆ ಒಂದೊಂದು ಕೆಲಸ ನಡೆಯುತ್ತಿರುತ್ತದೆ.

ಎಂಐಟಿಯಲ್ಲಿ ಅದರ ಹೆಸರೇ ಬಯಲಾಜಿಕಲ್ ಎಂಜಿನಿಯರಿಂಗ್; ಅಲ್ಲಿ ಒತ್ತು ಕೋಶ ಮತ್ತು ಅಣುಗಳ ಮಟ್ಟದ ಜೀವಶಾಸ್ತ್ರದ ಮೇಲೆ. ಸ್ಟ್ಯಾನ್‌ಫರ್ಡ್‌ನ ವಿಭಾಗ ಎಂಜಿನಿಯರಿಂಗ್ ಸ್ಕೂಲ್‌ಗೂ ಮೆಡಿಕಲ್ ಸ್ಕೂಲ್‌ಗೂ ಸೇರಿದ್ದು. ಬರ್ಕ್ಲಿಯವರು ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯಕೀಯ ವಿಶ್ವವಿದ್ಯಾಲಯ ಯುಸಿಎಸ್‌ಎಫ್ ಜೊತೆ ಸೇರಿ ಜಂಟಿಯಾಗಿ ಪಿಎಚ್‌ಡಿ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕ್ಯಾಂಪಸ್‌ನಲ್ಲಿ ಈ ವಿಷಯಕ್ಕೆ 1966ರಲ್ಲಿ ಬುನಾದಿ ಹಾಕಿದವರಲ್ಲಿ ವೈ.ಸಿ. ಫಂಗ್ ಪ್ರಮುಖರು. ವಿಮಾನದ ರೆಕ್ಕೆಗಳ ಅದುರುವಿಕೆಯ ಮೇಲೆ ಕೆಲಸ ಮಾಡುತ್ತಿದ್ದವರು ರಕ್ತನಾಳ, ಶ್ವಾಸಕೋಶಗಳ ಮೆಕ್ಯಾನಿಕ್ಸ್ ಕಡೆ ಹೊರಳಿದರು. ನನ್ನಂಥವರಿಗೆ ಇದು ಸಮಾಧಾನದ ಸುದ್ದಿ. ಜಾರ್ಜಿಯಾ ಟೆಕ್‌ನಲ್ಲಂತೂ ಎಮೊರಿ ವಿಶ್ವವಿದ್ಯಾಲಯದ ಜೊತೆಗಿನ ಬಯೋಮೆಡಿಕಲ್ ವಿಭಾಗವೇ ಬೇರೆ, ಬಯೋಎಂಜಿನಿಯರಿಂಗ್ ಎಂಬ ಅಂತರ್‌ವಿಭಾಗೀಯ ಪಿಎಚ್‌ಡಿಯೇ ಬೇರೆ. ಎರಡನೆಯದಕ್ಕೆ ಮೆಕ್ಯಾನಿಕಲ್ ವಿಭಾಗವನ್ನೇ 'ಹೋಮ್ ಸ್ಕೂಲ್', ಅಂದರೆ ಮೂಲ ವಿಭಾಗ, ಮಾಡಿಕೊಂಡು ಸೇರಬಹುದು.

ಹಾಗಾಗಿ ನಾನು ಪ್ರಶ್ನೆಯಿಂದ ಶುರು ಮಾಡಿದೆ. ಕೋಶ ತಾನು ಕೂತಿರುವ ಜಾಗ ಮೆತ್ತಗಿದೆಯೋ ಗಟ್ಟಿಯಿದೆಯೋ ಎಂಬುದನ್ನು ಹೇಗೆ ಅರಿಯುತ್ತದೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೆನಿಸ್ ಡಿಶರ್ ಅವರ ಲ್ಯಾಬ್ 2006ರಲ್ಲಿ ಪ್ರಕಟಿಸಿದ ಪೇಪರ್ ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಮಿದುಳಿನಷ್ಟು ಮೆತ್ತಗಿನ, ಅಂದರೆ 0.1ರಿಂದ 1 ಕಿಲೋಪ್ಯಾಸ್ಕಲ್ (ಗಟ್ಟಿತನದ ಅಳತೆ) ಜೆಲ್ ಮೇಲೆ ಕಾಂಡಕೋಶಗಳು ನರಕೋಶದ ಲಕ್ಷಣ ತೋರಿದವು. 8ರಿಂದ 17ರಲ್ಲಿ ಸ್ನಾಯುವಿನದು, 25ರಿಂದ 40ರಲ್ಲಿ ಮೂಳೆಯದು. ಅದನ್ನು ಉಲ್ಲೇಖಿಸಿ ಮುಂದೆ ಹೋದವರು ಯಾರು, ಒಪ್ಪದೆ ವಾದಿಸಿದವರು ಯಾರು, ಅವರ ವಿದ್ಯಾರ್ಥಿಗಳು ಈಗ ಎಲ್ಲಿ ಪ್ರೊಫೆಸರ್ ಆಗಿದ್ದಾರೆ ಅಂತ ಹುಡುಕುತ್ತಾ ಹೋದೆ. ಮೊದಲು ಸಿದ್ಧವಾಗಿದ್ದು ಲ್ಯಾಬ್‌ಗಳ ಪಟ್ಟಿ. ಕನಿಷ್ಠ ಮೂರು ಲ್ಯಾಬ್ ನನಗೆ ಹೊಂದದ ವಿಶ್ವವಿದ್ಯಾಲಯವನ್ನು, ಎಷ್ಟೇ ದೊಡ್ಡ ಹೆಸರಿದ್ದರೂ, ತೆಗೆದುಹಾಕಿದೆ. ಒಬ್ಬರನ್ನೇ ನಂಬಿ ಹೋಗಿ, ಅವರು ಆ ವರ್ಷ ಯಾರನ್ನೂ ತೆಗೆದುಕೊಳ್ಳದಿದ್ದರೆ ಗತಿ ಏನು?

ಇಲ್ಲೇ ದುಡ್ಡಿನ ಮಾತೂ ಬರುತ್ತದೆ. ಪಿಎಚ್‌ಡಿಗೆ ಸಾಮಾನ್ಯವಾಗಿ ಟ್ಯೂಷನ್ ಮನ್ನಾ, ಮೇಲೆ ಸ್ಟೈಪೆಂಡ್. ಎಂಎಸ್‌ಗೆ ಬಹುಪಾಲು ಕೈಯಿಂದಲೇ ಕಟ್ಟಬೇಕು. ಆದರೆ ಪಿಎಚ್‌ಡಿಯ ದುಡ್ಡಿನ ಮೂಲಗಳೆಲ್ಲ ನಮಗೆ ತೆರೆದಿಲ್ಲ. ಅಮೆರಿಕ ಸರ್ಕಾರದ ವಿಜ್ಞಾನ ನಿಧಿ ಎನ್‌ಎಸ್‌ಎಫ್‌ನ ಗ್ರ್ಯಾಜುಯೇಟ್ ಫೆಲೋಶಿಪ್, ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಟಿ32 ಟ್ರೈನಿಂಗ್ ಗ್ರ್ಯಾಂಟ್ ಎರಡೂ ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ವಿದೇಶಿ ವಿದ್ಯಾರ್ಥಿಯ ಬದುಕು ಹೆಚ್ಚಾಗಿ ವಿಭಾಗದ ಹಣ ಅಥವಾ ಗೈಡ್‌ನ ರಿಸರ್ಚ್ ಗ್ರ್ಯಾಂಟ್ ಮೇಲೆ ನಿಂತಿರುತ್ತದೆ. ಎನ್‌ಐಎಚ್ ರಿಪೋರ್ಟರ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಪ್ರೊಫೆಸರ್ ಹೆಸರು ಹಾಕಿದರೆ ಯಾವ ಗ್ರ್ಯಾಂಟ್ ಇದೆ, ಯಾವಾಗ ಮುಗಿಯುತ್ತದೆ ಎಂದು ಕಾಣುತ್ತದೆ. ನನ್ನ ಪಟ್ಟಿಯ ಪ್ರತಿ ಹೆಸರಿನ ಮುಂದೆ ಆ ತಾರೀಖು ಬರೆದುಕೊಂಡಿದ್ದೆ. ಮುಗಿಯುತ್ತಾ ಬಂದ ಗ್ರ್ಯಾಂಟ್ ಅಂದರೆ ಲ್ಯಾಬ್ ಮುಚ್ಚುತ್ತದೆ ಅಂತಲ್ಲ, ಕೇಳಬೇಕಾದ ಪ್ರಶ್ನೆಯೊಂದು ಇದೆ ಅಂತ.

ಪ್ರೊಫೆಸರ್‌ಗಳಿಗೆ ಮೇಲ್ ಹಾಕಬೇಕೋ ಬೇಡವೋ ಎಂಬುದು ಪ್ರೋಗ್ರಾಂ ಮೇಲೆ ನಿಂತಿದೆ. ರೊಟೇಷನ್ ಇರುವ ಕಡೆ ಮೊದಲ ವರ್ಷ ಕೆಲವು ಲ್ಯಾಬ್‌ಗಳಲ್ಲಿ ಸ್ವಲ್ಪ ಸ್ವಲ್ಪ ಕಾಲ ಕೆಲಸ ಮಾಡಿ ಆಮೇಲೆ ಗೈಡ್ ಆರಿಸಿಕೊಳ್ಳುವುದು. ಸೀಟು ಕೊಡುವುದು ಕಮಿಟಿ. ನೇರವಾಗಿ ಲ್ಯಾಬ್‌ಗೇ ಸೇರಿಸಿಕೊಳ್ಳುವ ಕಡೆ ಪ್ರೊಫೆಸರ್ ಮಾತೇ ನಡೆಯುತ್ತದೆ. ಎರಡನೇ ಬಗೆಯವರಿಗೆ ನಾನು ಚಿಕ್ಕ ಮೇಲ್ ಬರೆದೆ: ನಾನು ಮಾಡಿದ ಕೆಲಸ ಎರಡು ಸಾಲು, ಅವರ ಪೇಪರ್ ಬಗ್ಗೆ ಒಂದು ಪ್ರಶ್ನೆ, ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂಬ ವಿಚಾರಣೆ. ಉತ್ತರ ಬಾರದ್ದೇ ಜಾಸ್ತಿ. ಬಂದ ಉತ್ತರಗಳು ಕೆಲಸಕ್ಕೆ ಬಂದವು.

ಹೆಚ್ಚು ಸಮಯ ತಿಂದಿದ್ದು ಎಸ್‌ಒಪಿ, ಅಂದರೆ ಏನು ಮಾಡಬೇಕೆಂದಿದ್ದೇನೆ, ಯಾಕೆ ಎಂದು ಅರ್ಜಿಯ ಜೊತೆ ಬರೆಯುವ ಪ್ರಬಂಧ. ಚಿಕ್ಕಂದಿನಿಂದ ಮನುಕುಲದ ಸೇವೆಯ ಕನಸಿತ್ತು ಎಂಬ ಧಾಟಿಯ ಮೊದಲ ಪ್ಯಾರಾಗಳನ್ನು ಓದಿ ಓದಿ ಕಮಿಟಿಯವರಿಗೆ ಸಾಕಾಗಿರುತ್ತದೆ. ನಾನು ನೇರವಾಗಿ ಜೆಲ್‌ಗೇ ಇಳಿದೆ. ಪ್ರಾಜೆಕ್ಟ್‌ನಲ್ಲಿ ಗಾಜಿನ ಕವರ್‌ಸ್ಲಿಪ್ ಮೇಲೆ ಪಾಲಿಅಕ್ರಿಲಮೈಡ್ ಜೆಲ್ ಎರೆಯುತ್ತಿದ್ದೆ. ಬರೀ ಜೆಲ್ ಮೇಲೆ ಕೋಶ ಕೂರುವುದಿಲ್ಲ; ಸಲ್ಫೊ-ಸ್ಯಾನ್‌ಪಾ ಎಂಬ ಅಂಟಿಸುವ ರಾಸಾಯನಿಕ ಹಾಕಿ, ಯುವಿ ಬೆಳಕು ಬಿಟ್ಟು, ಕೊಲಾಜನ್ ಎಂಬ ಪ್ರೋಟೀನ್ ಹಿಡಿಸಬೇಕು. ಅಕ್ರಿಲಮೈಡ್ ಮತ್ತು ಬಿಸ್-ಅಕ್ರಿಲಮೈಡ್ ಪ್ರಮಾಣ ಬದಲಿಸಿದರೆ ಸ್ಟಿಫ್‌ನೆಸ್ (ಗಟ್ಟಿತನ) ಬದಲಾಗುತ್ತದೆ. ಇಷ್ಟು ಎಲ್ಲರೂ ಮಾಡುತ್ತಾರೆ. ನಾನು ಎಸ್‌ಒಪಿಯಲ್ಲಿ ಬರೆದದ್ದು ಅಳತೆಯ ವಿಷಯ. ತೆಳುವಾದ ಜೆಲ್‌ಗಳನ್ನು ಇಂಡೆಂಟರ್ ಎಂಬ ಸಣ್ಣ ಮೊನೆಯ ಉಪಕರಣದಿಂದ ಒತ್ತಿ ನೋಡಿದಾಗ ಸ್ಟಿಫ್‌ನೆಸ್ ಲೆಕ್ಕಕ್ಕಿಂತ ಜಾಸ್ತಿ ಬರುತ್ತಿತ್ತು. ಒತ್ತಿದ್ದರಿಂದ ಸ್ಟಿಫ್‌ನೆಸ್ ಲೆಕ್ಕ ಹಾಕುವ ಹರ್ಟ್ಜ್ ಸೂತ್ರ ವಸ್ತುವಿಗೆ ತಳವೇ ಇಲ್ಲ ಎಂದುಕೊಂಡು ಲೆಕ್ಕ ಹಾಕುತ್ತದೆ. ಜೆಲ್ ತೆಳುವಾದಷ್ಟೂ ಸೂಜಿಗೆ ಕೆಳಗಿನ ಗಾಜು ತಾಗಿದಂತೆ ಅನುಭವವಾಗುತ್ತದೆ. ದಪ್ಪಕ್ಕೆ ತಕ್ಕ ತಿದ್ದುಪಡಿ ಹಾಕಿದ ಮೇಲೆ ಲೆಕ್ಕ ಕೂಡಿಬಂತು. ಹಾಗಾದರೆ ಕೋಶಕ್ಕೂ ಆ ಗಾಜು ತಿಳಿಯುತ್ತದೆಯೇ, ಎಷ್ಟು ಆಳದವರೆಗೆ? ಮೊದಲ ಪ್ಯಾರಾ ಈ ಪ್ರಶ್ನೆಗೆ ನಿಲ್ಲುತ್ತಿತ್ತು. ಮೆಕ್ಯಾನಿಕಲ್ ಓದಿದವರು ಇಲ್ಲಿ ಯಾಕೆ ಬೇಕು ಅಂತ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಕೊನೆಯ ಪ್ಯಾರಾ ಮಾತ್ರ ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ. ಅದರಲ್ಲಿ ಪ್ರೊಫೆಸರ್‌ಗಳ ಹೆಸರು ಪೋಣಿಸಿದರೆ ಸಾಲದು, ಅವರಲ್ಲಿರುವ ಯಾವ ವಿಧಾನದಿಂದ ನನ್ನ ಪ್ರಶ್ನೆಯ ಯಾವ ಭಾಗ ಬಿಡಿಸಬಹುದು ಎಂದು ಬರೆಯಬೇಕು. ಜೀವಶಾಸ್ತ್ರದ ಕೊರತೆಯನ್ನು ಮಾತಿನಲ್ಲಿ ಮುಚ್ಚಲು ಹೋಗಲಿಲ್ಲ. ಸೆಲ್ ಬಯಾಲಜಿ ಕೋರ್ಸ್ ಮಾಡಿದ್ದೆ, ಸೆಲ್ ಕಲ್ಚರ್ ನನ್ನ ಕೈಯಾರೆ ಮಾಡುತ್ತಿದ್ದೆ, ಅಷ್ಟನ್ನು ಒಂದು ಸಾಲಿನಲ್ಲಿ ಹೇಳಿದೆ.

ರೆಕಮಂಡೇಷನ್ ಪತ್ರ ಮೂರು ಬೇಕು. ದೊಡ್ಡ ಹುದ್ದೆಯವರಿಗಿಂತ ನನ್ನ ಕೆಲಸ ಕಣ್ಣಾರೆ ಕಂಡವರನ್ನು ಕೇಳಿದೆ. ನಾನು ಏನೇನು ಮಾಡಿದ್ದೆ ಎಂದು ಒಂದು ಪುಟ, ಎಸ್‌ಒಪಿ ಕರಡು, ತಾರೀಖುಗಳ ಪಟ್ಟಿ ಕೊಟ್ಟೆ. "ನೀನೇ ಬರೆದು ತಾ, ಸಹಿ ಹಾಕ್ತೀನಿ" ಎಂದವರಿಗೆ "ಸರ್, ಆ ಇಂಡೆಂಟೇಷನ್ ವಿಷಯ ನಿಮ್ಮ ಮಾತಲ್ಲೇ ನಾಲ್ಕು ಸಾಲು ಬರೆದರೆ ಸಾಕು" ಎಂದೆ. ಬರೆದರು. ಫಾರಂನಲ್ಲಿ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಇರುತ್ತದೆ. ಬಿಟ್ಟುಕೊಡುವುದೇ ರೂಢಿ, ಇಲ್ಲದಿದ್ದರೆ ಪತ್ರಕ್ಕೆ ತೂಕ ಕಡಿಮೆ.

ಜಿಆರ್‌ಇ ಪ್ರವೇಶ ಪರೀಕ್ಷೆಯನ್ನು ಎಷ್ಟೋ ಬಯೋಎಂಜಿನಿಯರಿಂಗ್ ಪ್ರೋಗ್ರಾಂಗಳು ಕೈಬಿಟ್ಟಿವೆ; ಪ್ರತಿಯೊಂದರ ನಿಯಮ ಆಯಾ ವರ್ಷವೇ ನೋಡಿಕೊಳ್ಳಬೇಕು. ಇಂಗ್ಲಿಷ್ ಪರೀಕ್ಷೆ ಟೋಫೆಲ್‌ನ ಅಂಕ ಎರಡೇ ವರ್ಷ ನಡೆಯುತ್ತದೆ. ಅರ್ಜಿ ಶುಲ್ಕ ಮನ್ನಾ ಕೇಳುವುದಕ್ಕೆ ನಾಚಿಕೆ ಬೇಡ, ಕೊಟ್ಟರೆ ಕೊಟ್ಟರು. ಕೊನೆ ದಿನ ಹೆಚ್ಚಿನ ಕಡೆ ಡಿಸೆಂಬರ್ ಮೊದಲ ಅರ್ಧದಲ್ಲಿ ಬರುತ್ತದೆ.

ಇಂಟರ್‌ವ್ಯೂ ಜನವರಿ, ಫೆಬ್ರವರಿಯಲ್ಲಿ. ಒಬ್ಬ ಪ್ರೊಫೆಸರ್ ಕೇಳಿದ್ದು: ಜೆಲ್ ಮೆತ್ತಗಾದರೆ ಅದರ ರಂಧ್ರಗಳೂ ದೊಡ್ಡದಾಗುತ್ತವೆ, ಕೊಲಾಜನ್ ಹಿಡಿದುಕೊಳ್ಳುವ ಬಗೆಯೂ ಬದಲಾಗುತ್ತದೆ, ಕೋಶ ಸ್ಪಂದಿಸಿದ್ದು ಸ್ಟಿಫ್‌ನೆಸ್‌ಗೇ ಅಂತ ಹೇಗೆ ಹೇಳುತ್ತೀರಿ? ಇದು ಕ್ಷೇತ್ರದ ನಿಜವಾದ ಜಗಳ. 2012ರಲ್ಲಿ ಒಂದು ತಂಡ ಕೊಲಾಜನ್ ಹಿಡಿತವೇ ಕಾರಣ ಎಂದಿತು. 2014ರಲ್ಲಿ ಇನ್ನೊಂದು ತಂಡ ಸ್ಟಿಫ್‌ನೆಸ್ ಹಾಗೇ ಇಟ್ಟು ರಂಧ್ರದ ಗಾತ್ರ ಮಾತ್ರ ಬದಲಿಸಿ, ಕಾಂಡಕೋಶಗಳ ದಾರಿ ಬದಲಾಗಲಿಲ್ಲ ಎಂದು ತೋರಿಸಿತು. ಎರಡನ್ನೂ ಓದಿದ್ದೆ. ನನ್ನ ಡೇಟಾದಿಂದ ಇದನ್ನು ಬಿಡಿಸಲಾಗದು ಎಂದು ಹೇಳಿ, ಬಿಡಿಸಲು ಯಾವ ಜೆಲ್‌ಗಳನ್ನು ಮಾಡುತ್ತೇನೆ ಎಂದು ವಿವರಿಸಿದೆ. ಉಳಿದ ಸಮಯವೆಲ್ಲ ಇಬ್ಬರೂ ಅದನ್ನೇ ಚರ್ಚಿಸಿದೆವು.

ಆಫರ್ ಬಂದ ಮೇಲೆ ಉತ್ತರಕ್ಕೆ ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯ. ಆ ಅವಧಿಯಲ್ಲಿ ಲ್ಯಾಬ್‌ನ ಈಗಿನ ವಿದ್ಯಾರ್ಥಿಗಳಿಗೆ ಫೋನ್ ಮಾಡಿದೆ. ಗೈಡ್ ಹೇಗೆ ಅಂತ ಕೇಳಿದರೆ ಎಲ್ಲರೂ ಒಳ್ಳೆಯದೇ ಹೇಳುತ್ತಾರೆ. ಅದರ ಬದಲು, ಗ್ರ್ಯಾಂಟ್ ನಿಂತಾಗ ಹಿಂದಿನವರಿಗೆ ಏನಾಯಿತು, ಪಿಎಚ್‌ಡಿ ಮುಗಿಸಿದವರು ಎಷ್ಟು ವರ್ಷ ತೆಗೆದುಕೊಂಡರು, ಲ್ಯಾಬ್ ಬಿಟ್ಟುಹೋದವರಿದ್ದಾರಾ ಎಂದು ಕೇಳಿದೆ. ಕೊನೆಯದಕ್ಕೆ ಒಬ್ಬರು ತಡವರಿಸಿದ್ದೇ ನನಗೆ ಉತ್ತರವಾಯಿತು. ಆ ಲ್ಯಾಬ್ ಬಿಟ್ಟು ಇನ್ನೊಂದಕ್ಕೆ ಒಪ್ಪಿಗೆ ಕೊಟ್ಟೆ. ಬೇರೆ ಆಫರ್‌ಗಳನ್ನು ಅದೇ ದಿನ ಬೇಡವೆಂದು ಬರೆದೆ, ವೇಯ್ಟಿಂಗ್ ಲಿಸ್ಟ್‌ನಲ್ಲಿದ್ದವರಿಗೆ ಸೀಟು ಹೋಗಲಿ ಅಂತ.