ಜಪಾನಿಗೆ ಹೊಸದಾಗಿ ಬಂದ ಕಾಫಿಪ್ರಿಯರಿಗೆ

ಗ್ರೀನ್ ಟೀ ಕುಡಿಯುವವರ ದೇಶ, ಅಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಕ್ಕೀತು ಎಂಬ ಚಿಂತೆ ಬೇಡ. ಜಪಾನಿನ ಊರುಗಳಲ್ಲಿ ಕಾಫಿ ಸಿಗದ ಬೀದಿ ಹುಡುಕುವುದೇ ಕಷ್ಟ. ಆದರೆ ಇಲ್ಲಿಯವರು ಹೆಚ್ಚಾಗಿ ಹಾಲಿಲ್ಲದೆ ಕುಡಿಯುತ್ತಾರೆ. ಹಾಲು ಹಾಕಿದ ಫಿಲ್ಟರ್ ಕಾಫಿ ಬೇಕೆನ್ನುವ ನಮ್ಮವರು ಎಡವುವುದು ಪುಡಿಗಿಂತ ಹೆಚ್ಚಾಗಿ ಹಾಲಿನಲ್ಲೇ. ಅದಕ್ಕೇ ಮೊದಲು ಹಾಲಿನ ಮಾತು.

ಸೂಪರ್ ಮಾರ್ಕೆಟ್ಟಿನಲ್ಲಿ ಒಂದೇ ಥರ ಕಾಣುವ ಹತ್ತಾರು ಡಬ್ಬಿಗಳಿರುತ್ತವೆ, ಎಲ್ಲವೂ ಬರಿಯ ಹಾಲಲ್ಲ. 'ಗ್ಯೂನ್ಯೂ' ಎಂದು ಬರೆದಿದ್ದರೆ ಅದು ಹಸುವಿನ ಹಾಲು ಮಾತ್ರ, ಕಾನೂನಿನ ಪ್ರಕಾರ ಕೊಬ್ಬು ಶೇಕಡಾ 3ಕ್ಕೆ ಕಡಿಮೆ ಇರುವಂತಿಲ್ಲ. 'ತೇಶಿಬೋ' ಅಂದರೆ ಕೊಬ್ಬು ಕಡಿಮೆ ಮಾಡಿದ್ದು. ಅದರಲ್ಲಿ ಕಾಫಿ ಮಾಡಿದರೆ ನೀರು ನೀರಾಗುತ್ತದೆ. 'ಕಾಕೋನ್ಯೂ' ಎಂದರೆ ಹಾಲಿನ ಪುಡಿ, ಬೆಣ್ಣೆ ಮುಂತಾದವನ್ನು ಬೆರೆಸಿದ್ದು. 'ನ್ಯೂಯಿನ್‌ರ್ಯೋ'ನಲ್ಲಿ ಹಾಲಿನದಲ್ಲದ ಪದಾರ್ಥವೂ ಇರಬಹುದು. ಅಕ್ಷರ ಓದಲು ಬರದವರು ಡಬ್ಬಿಯ ನೆತ್ತಿ ನೋಡಿ. ಅರ್ಧ ಲೀಟರ್ ಮತ್ತು ಅದಕ್ಕಿಂತ ದೊಡ್ಡ, ಮನೆಯ ಸೂರಿನಂತೆ ಮಡಿಚಿದ ಡಬ್ಬಿಯ ಮೇಲಂಚಿನಲ್ಲಿ ಅರ್ಧಚಂದ್ರಾಕಾರದ ಸಣ್ಣ ಕಚ್ಚು ಇದ್ದರೆ ಅದು ಗ್ಯೂನ್ಯೂ. ಕಣ್ಣು ಕಾಣದವರು ಬೆರಳಾಡಿಸಿ ಗುರುತಿಸಲೆಂದು ಮಾಡಿದ ವ್ಯವಸ್ಥೆ ಇದು. ಕಚ್ಚಿನ ಎದುರು ಬದಿಯನ್ನೇ ಬಿಚ್ಚಬೇಕು. ಎಲ್ಲ ಕಂಪನಿಯವರೂ ಕಚ್ಚು ಹಾಕುವುದಿಲ್ಲ, ಹಾಗಾಗಿ ಕಚ್ಚಿಲ್ಲದ್ದೆಲ್ಲ ಕಲಬೆರಕೆ ಎಂದುಕೊಳ್ಳಬೇಡಿ. ಕಾಫಿಗೆ ಕೊಬ್ಬು ಶೇಕಡಾ 3.6 ಅಥವಾ ಅದಕ್ಕಿಂತ ಹೆಚ್ಚು ಎಂದು ಅಂಕಿ ಹಾಕಿರುವುದನ್ನು ತನ್ನಿ.

ಈ ಹಾಲನ್ನು ಹೆಚ್ಚಾಗಿ 120ರಿಂದ 130 ಡಿಗ್ರಿಯಲ್ಲಿ ಒಂದೆರಡು ಸೆಕೆಂಡು ಕಾಯಿಸಿಯೇ ಮಾರಾಟಕ್ಕೆ ಬಿಟ್ಟಿರುತ್ತಾರೆ. ಮತ್ತೆ ಉಕ್ಕಿಸುವ ಅಗತ್ಯವಿಲ್ಲ, ಉಕ್ಕಿಸಿದರೆ ಕಾಫಿಯ ಪರಿಮಳವನ್ನು ಮುಚ್ಚುವ ಒಂದು ಬೆಂದ ವಾಸನೆ ಬರುತ್ತದೆ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಇಳಿಸಿಬಿಡಿ. ಕೊಬ್ಬಿನ ಕಣಗಳನ್ನು ಮೊದಲೇ ಒಡೆದಿರುವುದರಿಂದ ದಪ್ಪ ಕೆನೆಯನ್ನು ನಿರೀಕ್ಷಿಸಬೇಡಿ.

ಪುಡಿ ಊರಿಂದ ತರುವವರು ತರಬಹುದು. ಹುರಿಯದ ಹಸಿ ಬೀಜಕ್ಕೆ ಸಸ್ಯ ತಪಾಸಣೆ ಉಂಟು, ಹುರಿದು ಪುಡಿ ಮಾಡಿದ್ದಕ್ಕೆ ಆ ತೊಡಕಿಲ್ಲ. ಚಿಕೋರಿ ಬೆರೆಸಿದ ಪುಡಿ ಇಲ್ಲಿಯ ಸಾಮಾನ್ಯ ಅಂಗಡಿಗಳಲ್ಲಿ ಸಿಗದು. ತಂದದ್ದು ಮುಗಿದ ಮೇಲೆ ಇಲ್ಲಿಯ ಬೀಜಕ್ಕೇ ಒಗ್ಗಿಕೊಳ್ಳಬೇಕು, ಅದೇನೂ ಕಡಿಮೆ ಸುಖವಲ್ಲ. ಕಾಲ್ಡಿಯಂಥ ಬೀಜದಂಗಡಿಗಳಲ್ಲಿ ಕೇಳಿದ ಹಾಗೆ ಪುಡಿ ಮಾಡಿಕೊಡುತ್ತಾರೆ. ಹಾಲಿಗೆ ಹೊಂದುವುದು 'ಫುಕಾಯಿರಿ', ಅಂದರೆ ಕಪ್ಪಾಗುವಷ್ಟು ಹುರಿದದ್ದು. ಫ್ರೆಂಚ್ ರೋಸ್ಟ್ ಎಂದರೂ ನಡೆಯುತ್ತದೆ. ಏನೂ ಹೇಳದಿದ್ದರೆ ಕಾಗದದ ಫಿಲ್ಟರಿಗೆ ಹೊಂದುವ ತರಿ ಪುಡಿ ಕೊಟ್ಟಾರು. ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಅದರ ಮೇಲೆ ನೀರು ಹೊಯ್ದರೆ ಸರ್ರನೆ ಇಳಿದು ಚಹಾದ ಬಣ್ಣದ ಡಿಕಾಕ್ಷನ್ ಬರುತ್ತದೆ. 'ಹೊಸೊಬಿಕಿ' ಎಂದು ಕೇಳಿ, ನುಣ್ಣಗೆ ಸಿಗುತ್ತದೆ.

ಚಿಕೋರಿ ನೀರು ಹೀರಿ ಉಬ್ಬಿ ಇಳಿತವನ್ನು ತಡೆಯುತ್ತದೆ. ಅದಿಲ್ಲದಾಗ ಪುಡಿ ಸ್ವಲ್ಪ ಹೆಚ್ಚು ಬೇಕು. ಎರಡು ಲೋಟಕ್ಕೆ 25 ಗ್ರಾಂ ಪುಡಿ ಹಾಕಿ, ತಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕುದಿದ ನೀರು 120 ಮಿಲಿ ಹೊಯ್ಯಿರಿ. ಅರ್ಧದಷ್ಟು ನೀರು ಪುಡಿಯಲ್ಲೇ ಉಳಿಯುತ್ತದೆ, ಇಳಿದದ್ದು ಗಟ್ಟಿ ಡಿಕಾಕ್ಷನ್. ಒಂದು ಹನಿಯೂ ಬೀಳದಿದ್ದರೆ ಪುಡಿಯನ್ನು ಬೈಯುವ ಮೊದಲು ಮೇಲಿನ ಪಾತ್ರೆಯನ್ನು ಒಂಚೂರು ಎತ್ತಿ ಬಿಡಿ. ಎರಡೂ ಪಾತ್ರೆ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿ ಹೊರಗೆ ಹೋಗಲಾಗದೆ ನೀರು ಮೇಲೆಯೇ ನಿಲ್ಲುತ್ತದೆ.

ಊರಿನ ಎಲೆಕ್ಟ್ರಿಕ್ ಕೆಟಲ್ ತರಬೇಡಿ. ಇಲ್ಲಿಯ ಕರೆಂಟು 100 ವೋಲ್ಟ್. 230 ವೋಲ್ಟಿನ ಕೆಟಲ್ ಅದರಲ್ಲಿ ಐದನೇ ಒಂದು ಭಾಗದಷ್ಟು ಶಾಖವನ್ನೂ ಕೊಡದು. ಮನೆಯಲ್ಲಿ ಇಂಡಕ್ಷನ್ ಒಲೆಯಿದ್ದರೆ ಹಾಲಿನ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಸರಿ. ಹಿತ್ತಾಳೆ ಫಿಲ್ಟರ್ ಒಲೆಯ ಮೇಲೆ ಇಡುವಂಥದ್ದಲ್ಲವಾದ್ದರಿಂದ ಅದಕ್ಕೇನೂ ತೊಂದರೆಯಿಲ್ಲ.

ಹೊರಗೆ ಕುಡಿಯುವಾಗ ಅಂಗಡಿಗೊಂದು ರೀತಿ, ಏಕೆಂದರೆ ಒಂದೊಂದು ಬಗೆ ಒಂದೊಂದು ಕಾಲದಲ್ಲಿ ಬಂದದ್ದು. ಟೋಕಿಯೋದ ಉಎನೋದಲ್ಲಿ 1888ರಲ್ಲೇ ಕಾಫಿಮನೆ ತೆರೆದಿತ್ತು. ಯುದ್ಧಕಾಲದಲ್ಲಿ ಆಮದು ನಿಂತು, 1960ರಲ್ಲಿ ಹಸಿ ಬೀಜದ ಆಮದು ಮುಕ್ತವಾದ ಮೇಲೆ 'ಕಿಸ್ಸಾತೆನ್' ಎಂಬ ಹಳೇ ಶೈಲಿಯ ಕಾಫಿಮನೆಗಳು ಬೆಳೆದವು. ಅಲ್ಲಿ ಒಂದೊಂದು ಲೋಟವನ್ನೂ ಬಟ್ಟೆಯಲ್ಲೋ ಸೈಫನ್ ಎಂಬ ಗಾಜಿನ ಉಪಕರಣದಲ್ಲೋ ಇಳಿಸುತ್ತಾರೆ. ಹತ್ತು ನಿಮಿಷ ಆಗುತ್ತದೆ, ಅವಸರಿಸಬೇಡಿ. ತಲೆಗೊಂದು ಆರ್ಡರ್ ಕೊಡಬೇಕು, ಇಬ್ಬರಿಗೆ ಒಂದನ್ನು ಬೈ ಟೂ ಮಾಡಿಸುವ ಪದ್ಧತಿಯಿಲ್ಲ. ಮೇಜಿನ ಮೇಲಿಟ್ಟ ಚೀಟಿ ಹಿಡಿದು ಕೌಂಟರಿನಲ್ಲಿ ದುಡ್ಡು ಕೊಡಿ, ಟಿಪ್ಸ್ ಇಲ್ಲ. ಜೊತೆಗೆ ಬರುವ ಪುಟ್ಟ ಪ್ಲಾಸ್ಟಿಕ್ ಕಪ್ಪಿನಲ್ಲಿರುವ ಬಿಳಿಯ ದ್ರವ ಸಾಮಾನ್ಯವಾಗಿ ಹಾಲಲ್ಲ, ಸಸ್ಯದ ಎಣ್ಣೆಯಿಂದ ಮಾಡಿದ್ದು. ನಮ್ಮ ಕಾಫಿಗೆ ಹತ್ತಿರದ್ದು ಬೇಕಾದರೆ 'ಕಾಫೆ ಓರೆ' ಎಂದು ಕೇಳಿ, ಕಾಫಿ ಬಿಸಿಹಾಲು ಹೆಚ್ಚುಕಡಿಮೆ ಸಮಸಮ ಇರುತ್ತದೆ.

ಕನ್ವೀನಿಯನ್ಸ್ ಸ್ಟೋರಿನ ಕಾಫಿ ತೀರಾ ಈಚಿನದು. ಸೆವೆನ್ ಇಲೆವೆನ್ 2013ರಲ್ಲಿ 100 ಯೆನ್ನಿಗೆ ಶುರು ಮಾಡಿದ ಮೇಲೆ ಕಚೇರಿಗೆ ಹೋಗುವವರ ಅಭ್ಯಾಸವೇ ಬದಲಾಯಿತು. ಬೆಲೆ ಈಗ ಸ್ವಲ್ಪ ಏರಿದೆ. ಕೌಂಟರಿನಲ್ಲಿ ದುಡ್ಡು ಕೊಟ್ಟು ಖಾಲಿ ಕಪ್ ಪಡೆದು ಯಂತ್ರದಲ್ಲಿ ನೀವೇ ತುಂಬಿಕೊಳ್ಳಬೇಕು. ಐಸ್ ಕಾಫಿಯಾದರೆ ಫ್ರೀಜರಿನಿಂದ ಐಸ್ ಕಪ್ ತಂದು ಮೊದಲು ದುಡ್ಡು ಕೊಡಿ, ಮೇಲಿನ ಹಾಳೆ ಕಿತ್ತು ಯಂತ್ರಕ್ಕಿಡಿ. ಒಂದು ವಿಷಯದಲ್ಲಿ ಬಹಳ ಎಚ್ಚರ ಬೇಕು: ಚಿಕ್ಕ ಕಪ್ಪಿನ ದುಡ್ಡು ಕೊಟ್ಟು ದೊಡ್ಡದರ ಬಟನ್ ಒತ್ತಿದರೆ ಅದನ್ನು ಕಳ್ಳತನವೆಂದೇ ಎಣಿಸುತ್ತಾರೆ, ಪೊಲೀಸರವರೆಗೂ ಹೋದದ್ದುಂಟು. ಕೈತಪ್ಪಿ ಒತ್ತಿದ್ದರೆ ಆಗಲೇ ಸಿಬ್ಬಂದಿಗೆ ತಿಳಿಸಿ ವ್ಯತ್ಯಾಸದ ದುಡ್ಡು ಕೊಟ್ಟುಬಿಡಿ. ಅಲ್ಲೇ ಕೂತು ಕುಡಿದರೆ ತೆರಿಗೆ ಶೇಕಡಾ 10, ಕಟ್ಟಿಸಿಕೊಂಡು ಹೋದರೆ 8. ಹಾಗಾಗಿ ಕೇಳಿದಾಗ ನಿಜ ಹೇಳಿ.

ರಸ್ತೆ ಬದಿಯ ಯಂತ್ರಗಳಲ್ಲಿ ಕೆಂಪು ಪಟ್ಟಿ ಬಿಸಿಗೆ, ನೀಲಿ ತಣ್ಣಗಿನದಕ್ಕೆ. ಕ್ಯಾನಿನ ಮೇಲೆ 'ಬಿತೋ' ಎಂದಿದ್ದರೆ ಸಕ್ಕರೆ ಕಡಿಮೆ ಎಂದಷ್ಟೇ. ಸಕ್ಕರೆ ಕಾಯಿಲೆಯವರು 'ಮುತೋ' ಎಂದಿರುವುದನ್ನೇ ಕೊಳ್ಳಬೇಕು.

ಬೆಳಗಿನ ತಿಂಡಿಗೆ ನಗೋಯಾ ಕಡೆಯ 'ಮಾರ್ನಿಂಗ್' ಪದ್ಧತಿ ಚೆನ್ನ. ಅದೇ ಊರಿನಲ್ಲಿ 1968ರಲ್ಲಿ ಶುರುವಾಗಿ ಈಗ ದೇಶದ ತುಂಬ ಇರುವ ಕೊಮೆದಾ ಎಂಬ ಕಾಫಿಮನೆಯಲ್ಲಿ ಬೆಳಿಗ್ಗೆ 11 ಗಂಟೆಯೊಳಗೆ ಕಾಫಿ ತೆಗೆದುಕೊಂಡರೆ ಟೋಸ್ಟ್, ಮೊಟ್ಟೆ ಪುಕ್ಕಟೆ. ಮೊಟ್ಟೆ ತಿನ್ನದವರು ಅದರ ಬದಲು 'ಒಗುರಾ ಆನ್' ಕೇಳಿ, ಅದು ಕೆಂಪು ಕಾಳಿನ ಸಿಹಿ ಹೂರಣ. ಮಕ್ಕಳ ಜೊತೆ ಹಳೇ ಕಿಸ್ಸಾತೆನ್‌ಗೆ ಹೋಗುವುದಾದರೆ ಮೊದಲು ಬಾಗಿಲಿನ ಫಲಕ ನೋಡಿ. 2020ರ ಏಪ್ರಿಲ್‌ನಿಂದ ಸಿಗರೇಟು ಸೇದಲು ಬಿಡುವ ಜಾಗದೊಳಗೆ 20 ವರ್ಷಕ್ಕಿಂತ ಚಿಕ್ಕವರು ಅಪ್ಪ ಅಮ್ಮನ ಜೊತೆಗಿದ್ದರೂ ಕಾಲಿಡುವಂತಿಲ್ಲ.